ಕಾಣದ ಊರಿನ ಬಿಸಿಲಿಗೆ ಸಾಲ

ಒಂದೂರಿನಲ್ಲಿ ಸೂರ್ಯ ದಿನವೂ ಇಳಿದುಬಂದು ಬಡವರ ಮನೆಗೆಲಸ ಮಾಡಿಕೊಡುತ್ತಿದ್ದನಂತೆ. ತನ್ನ ಅಜ್ಜಿ ಹೇಳಿದ ಕಥೆಯ ಆ ಊರು ಸಾದಲಿಯೇ ಇರಬೇಕೆಂದು ಅನ್ವಿತಾಳಿಗೆ ಅನ್ನಿಸಿದ್ದು ಅಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಂದು ಬೆಳಿಗ್ಗೆ. ಪಕ್ಕದ ಕಲ್ಲುಬೆಂಚಿನಲ್ಲಿ ರೇಷ್ಮೆನೂಲು ತೆಗೆಯುವ ವಜೀರುನ್ನೀಸಾ, ಕರೆಂಟ್ ಕಂಪನಿಯ ಗುಮಾಸ್ತ ಅಚ್ಯುತನನ್ನು ತಡೆದು ಕೂರಿಸಿಕೊಂಡಿದ್ದಳು. ಎದುರಿಗೆ ಹೊಲದ ತುಂಬ ಹೊಸ ಸೋಲಾರ್ ಹಲಗೆಗಳು.

"ಇವತ್ತು ರಾಟೆ ಮೋಟರ್ ತಿರುಗದಿದ್ರೆ ನಾಳೆ ಚಿಟ್ಟೆ ಗೂಡು ಕೊರ್ಕೊಂಡು ಹೊರಗ್ಬರ್ತವೆ ಕಣಪ್ಪ. ನೂಲೆಲ್ಲ ಮಣ್ಣುಪಾಲು."

"ಹತ್ತು ಗಂಟೆಗೆ ಈ ಹಲಗೆಗಳಿಂದ ಹಗಲು ಕರೆಂಟ್ ಬಿಡ್ತೀವಿ ಅಂದಿದೀವಲ್ಲ, ವಜೀರಮ್ಮ."

"ಹೋದ ತಿಂಗಳೂ ಅಂದ್ರಿ. ಇಷ್ಟೊಂದು ಹಲಗೆಗೆ ದುಡ್ಡು ಯಾರದಪ್ಪ?"

"ಯಾರ್ಯಾರದೋ. ಗ್ರೀನ್ ಬಾಂಡ್ ಅಂತ ಸಾಲಪತ್ರ ಕೊಟ್ಟು ನಮ್ಮ ಕಂಪನಿ ಎಲ್ಲೆಲ್ಲಿಯೋ ಜನರ ಹತ್ರ ಸಾಲ ಎತ್ತಿತು. ಆ ದುಡ್ಡು ಇಂಥ ಕೆಲಸಕ್ಕೇ ಹಾಕ್ಬೇಕು, ಬೇರೇದಕ್ಕೆ ಮುಟ್ಟಂಗಿಲ್ಲ."

"ಅವರು ನಮ್ಮೂರು ನೋಡವ್ರಾ?"

"ಹೆಸರೂ ಕೇಳಿರಲ್ಲ."

"ಯಾ ಅಲ್ಲಾ! ಕಾಣದ ಊರಿನ ಬಿಸಿಲು ನಂಬಿ ಸಾಲ ಕೊಟ್ರಾ? ಇಲ್ಲಿ ನನ್ನ ಮುಖ ನೋಡ್ಕೊಂಡೇ ಯಾರೂ ಕೊಡಲ್ಲ!"

"ಬಿಸಿಲು ನಿಮಗಿಂತ ನಂಬಿಕಸ್ಥ. ದಿನಾ ಬರ್ತದೆ."

"ಬಾಯ್ಮುಚ್ಚೋ! ಬರೋದು ಬಿಸಿಲು, ಬರದೆ ಸತಾಯ್ಸೋದು ನಿಮ್ಮ ಕರೆಂಟು."

ಅಷ್ಟರಲ್ಲಿ ರಸ್ತೆಯಾಚೆಯ ಅವಳ ಮನೆಯೊಳಗೆ ಮೋಟರ್ ಗುಂಯ್‌ಗುಟ್ಟಿತು. ಸೊಸೆ ಸಾಬ್ರೀನ್ ಬಾಗಿಲಿಗೆ ಓಡಿಬಂದು ಕೂಗಿದಳು: "ಅಮ್ಮೀ, ಕರೆಂಟ್ ಆ ಗಯಾ!"

ವಜೀರುನ್ನೀಸಾ ಎದ್ದವಳು ಹಲಗೆಗಳತ್ತ ತಿರುಗಿ, ದೂರದ ನೆಂಟರಿಗೆಂಬಂತೆ ಹಣೆಗೆ ಕೈಯೆತ್ತಿ ಸಲಾಂ ಮಾಡಿದಳು. ನಗಬೇಕೆಂದಿದ್ದ ಅಚ್ಯುತ ನಗದೆ ಅವಳ ಹಿಂದೆ ರಸ್ತೆ ದಾಟಿದ. ಅನ್ವಿತಾ ನೋಡುತ್ತಿದ್ದಂತೆ, ತೆರೆದ ಬಾಗಿಲೊಳಗೆ ಹಬೆಯಾಡುವ ನೀರಿನಿಂದ ಎಳೆಯೊಂದು ಮೇಲೆದ್ದು ರಾಟೆಗೆ ಸುತ್ತಿಕೊಂಡಿತು.