ತೊಟ್ಟಿಯ ದೀಪವೂ ಅನ್ನದ ಕುಕ್ಕರೂ

ನಮ್ಮ ಬಾಂಡುಂಗ್ ಊರಿನ ಜಲೋದ್ಯಾನ ಸಂಘದ ಅಧ್ಯಕ್ಷರೂ, ನನ್ನ ಹೆಂಡತಿಯ ಅಣ್ಣನೂ, ಸದ್ಯಕ್ಕೆ ಆಕೆಗೆ ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟಿರುವವರೂ ಆದ ಪಾಕ್ ಯಾಯತ್ ಅವರೇ, ನನ್ನ ತೊಟ್ಟಿಗೆ ಮೊದಲ ಬಹುಮಾನ ಕೊಟ್ಟ ತೀರ್ಪುಗಾರರೇ, ಭಾಷಣಕ್ಕೆ ಮುಂಚೆಯೇ ತಿಂಡಿಯ ಡಬ್ಬಿ ಬಿಚ್ಚಿರುವ ಸಭಿಕರೇ, ಮತ್ತು ಕೊನೆಯ ಸಾಲಿನಲ್ಲಿ ಕಂಬದ ಮರೆಗೆ ಕುಳಿತಿರುವ ಶ್ರೀಮತಿ ಇಮಾಸ್ ಅವರೇ,

ಗಿಡ ನೆಟ್ಟ ಮೀನಿನ ತೊಟ್ಟಿಗೆ ಸರಿಯಾದ ದೀಪವನ್ನು ಹೇಗೆ ಆಯ್ದುಕೊಳ್ಳಬೇಕು ಎಂದು ನಾಲ್ಕು ಮಾತು ಹೇಳಲು ನನ್ನನ್ನು ಕೇಳಿದ್ದಾರೆ. ದೀಪದ ವಿಷಯ ಮಾತ್ರ ಹೇಳುತ್ತೇನೆ. ಮನೆಯ ವಿಷಯ ಎತ್ತುವುದಿಲ್ಲ ಎಂದು ಭಾವನಿಗೆ ಮಾತು ಕೊಟ್ಟಿದ್ದೇನೆ.

ನಾವೆಲ್ಲ ಮಾಡುವುದೇನು? ಗಿಡ ಬೆಳೆಯಲಿಲ್ಲವೇ, ದೊಡ್ಡ ದೀಪ ತರುತ್ತೇವೆ. ಆಗಲೂ ಬೆಳೆಯಲಿಲ್ಲವೇ, ಇನ್ನೊಂದು ತರುತ್ತೇವೆ. ನಾನೂ ತಂದೆ. ಬ್ಯಾಡ್ಮಿಂಟನ್ ಅಂಗಳಕ್ಕೆ ಹಾಕುವಂಥವು. ತೊಟ್ಟಿಯಲ್ಲಿ ಇದ್ದದ್ದು ಬಡಪಾಯಿ ಜಾವಾ ಜರೀಗಿಡ.

ಇನ್ನು ನಮ್ಮ ಮನೆಯ ಕರೆಂಟಿನ ಮೀಟರು ನಿಮ್ಮ ಮನೆಗಳಲ್ಲಿರುವಂತೆಯೇ ಸಣ್ಣದು. ಆ ದೀಪಗಳು ಉರಿಯುವಾಗ ಕರೆಂಟಿನ ಕುಕ್ಕರಿನಲ್ಲಿ ಅನ್ನಕ್ಕಿಟ್ಟು ಇಸ್ತ್ರಿಪೆಟ್ಟಿಗೆಯನ್ನೂ ಹಾಕಿದರೆ, ಟಕ್! ಹೊರೆ ತಾಳದೆ ಮೀಟರು ಬಿದ್ದು ಮನೆಯೆಲ್ಲ ಕತ್ತಲು. ಆಗ ಇಮಾಸ್ ನನ್ನ ದೀಪಗಳನ್ನು ಆರಿಸಿ ಕೆಲಸ ಮುಗಿಸುತ್ತಿದ್ದಳು. ನಾನು ಬಂದು ಕೂಗಾಡುತ್ತಿದ್ದೆ.

"ರೀ, ಅನ್ನ ಬೇಯ್ಬೇಕಾ, ನಿಮ್ಮ ಸೊಪ್ಪು ಬೆಳೀಬೇಕಾ? ಒಂದು ಹೇಳಿಬಿಡಿ."

"ಅನ್ನ ಎಲ್ಲಿಗೂ ಓಡಿಹೋಗಲ್ಲ ಕಣೇ, ಸ್ಪರ್ಧೆ ಹತ್ತಿರ ಬಂತು."

"ಹಾಗಾದ್ರೆ ಸೊಪ್ಪನ್ನೇ ತಿನ್ಕೊಂಡಿರಿ" ಎಂದವಳೇ ಕುಕ್ಕರನ್ನು ಉಡುವ ಸರೋಂಗಿನ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಹೊರಟೇಬಿಟ್ಟಳು.

ಕ್ಷಮಿಸಿ, ಇದು ಮನೆಯ ವಿಷಯವಾಯಿತು. ದೀಪಕ್ಕೆ ಬರೋಣ.

ಆಮೇಲೆ ಮೀಟರು ಒಮ್ಮೆಯೂ ಬೀಳಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ದೀಪಗಳು ಉರಿದವು. ನನಗೆ ಹಿಗ್ಗೋ ಹಿಗ್ಗು. ಆದರೆ ಆದದ್ದೇನು? ಎಲೆಯ ಮೇಲೆ ಪಾಚಿ, ಗಾಜಿನ ಮೇಲೆ ಪಾಚಿ, ಬಸವನಹುಳುವಿನ ಬೆನ್ನ ಮೇಲೂ ಪಾಚಿ! ಭಾವನನ್ನು ಕರೆತಂದು ತೋರಿಸಿದೆ.

"ಮೊದಲೂ ಹಿಂಗೇ ಇಡೀ ದಿನ ಉರಿಸ್ತಿದ್ಯೇನೋ?" ಎಂದರು.

"ಇಲ್ಲ ಭಾವ, ನಡುವೆ ಇಮಾಸ್ ಆರಿಸ್ತಿದ್ಲಲ್ಲ."

"ಮತ್ತೆ ಗಿಡ ಉಳಿಸಿದ್ದು ಅವಳೇ ಅಲ್ವೇನೋ, ಬೆಪ್ಪುತಕ್ಕಡಿ!"

ಅಧ್ಯಕ್ಷರ ಈ ಕೊನೆಯ ಪದವನ್ನು ಸಂಘದ ನಡಾವಳಿಯಲ್ಲಿ ಬರೆಯಬಾರದೆಂದು ಕೋರುತ್ತೇನೆ.

ಆದ್ದರಿಂದ ಸಭಿಕರೇ, ದೀಪ ಕೊಳ್ಳುವ ಮೊದಲು ಗಿಡವನ್ನು ಕೇಳಿ. ಕೆಂಪೆಲೆಯ ಗಿಡಕ್ಕೆ ಹೆಚ್ಚು ಬೆಳಕು ಬೇಕು ನಿಜ. ಕಾಡುಹಳ್ಳದ ನೆರಳಿನ ಜರೀಗಿಡಕ್ಕೆ ಮಂದ ಬೆಳಕೇ ಸಾಕು. ಆಮೇಲೆ ಮನೆಯ ಮೀಟರನ್ನೂ ಕೇಳಿ, ಮನೆಯವಳನ್ನೂ ಕೇಳಿ. ನಾನು ದೊಡ್ಡ ದೀಪಗಳನ್ನು ಮಾರಿ ಸಣ್ಣದೊಂದು ತಂದೆ. ಅವಳು ಇಸ್ತ್ರಿ ಹಾಕುತ್ತಿದ್ದ ಹೊತ್ತಿಗೆ ಸರಿಯಾಗಿ ಅದನ್ನು ಆರಿಸುತ್ತೇನೆ. ತೊಟ್ಟಿಯೇನೋ ಚೇತರಿಸಿಕೊಂಡಿತು. ಆದರೆ ಆ ಹೊತ್ತಿನಲ್ಲಿ ಮನೆ ಬಿಕೋ ಎನ್ನುತ್ತದೆ. ನನ್ನಿಂದ ತಡೆಯಲಾಗುತ್ತಿಲ್ಲ, ನಿಜ ಹೇಳುತ್ತೇನೆ.

ಬೆಳಕು ಹದವಾಗಿದೆ ಎಂದು ತೀರ್ಪುಗಾರರು ಹೊಗಳಿದರು. ಆ ಹದ ಯಾರದೆಂದು ನಾನು ಬಾಯಿಬಿಟ್ಟು ಹೇಳಬೇಕೇ?

ಕೊನೆಯ ಸಾಲಿನವರಿಗೆ ಒಂದು ಸೂಚನೆ. ಈಗ ಕುಕ್ಕರು, ಇಸ್ತ್ರಿ, ದೀಪ ಎಲ್ಲವನ್ನೂ ಒಟ್ಟಿಗೆ ಹಾಕಿದರೂ ಮೀಟರು ಬೀಳಲಾರದು. ಕುಕ್ಕರು ಇಲ್ಲದ್ದರಿಂದ ಪರೀಕ್ಷಿಸಲು ಆಗಿಲ್ಲ, ಅಷ್ಟೇ. ಬೈಕು ಹೊರಗಿದೆ. ಇನ್ನೊಂದು ಹೆಲ್ಮೆಟ್ಟನ್ನೂ ತಂದಿದ್ದೇನೆ.

ಯಾರಾದರೂ ಆ ಹಿಂದಿನ ದೀಪ ಹಾಕುತ್ತೀರಾ? ಒಂದೇ ಸಾಕು, ಹೆಚ್ಚು ಬೇಡ. ಹಾಂ... ಅರೆ! ಇಮಾಸ್, ನಿನ್ನ ತೊಡೆಯ ಮೇಲಿರುವ ಆ ಗಂಟು ನಮ್ಮ ಸರೋಂಗಿನದೇ ಅಲ್ಲವೇ?

ಸಭಿಕರೇ, ಹೇಳುವುದು ಬಹಳವಿತ್ತು. ಆದರೆ ಅನ್ನಕ್ಕಿಡುವ ಹೊತ್ತಾಯಿತು. ಎಲ್ಲರಿಗೂ ಧನ್ಯವಾದ, ನಮಸ್ಕಾರ.