ಬೇಲಿಯ ನೆರಳು

ಕಾಖಂಡಕಿಗೆ ಹೊರಟಿದ್ದ ಬಸ್ಸಿನಲ್ಲಿ ಪೂನಮಳ ಕಿವಿ ಮುಂದಿನ ಸೀಟಿನ ಮಾತಿನ ಮೇಲಿತ್ತು. ಅಲ್ಲಿ ಕೂತಿದ್ದ ಆಶಾಬಿಯ ತೊಡೆಯ ಮೇಲಿನ ಗಂಟಿನಿಂದ ಕೆಂಪು, ಹಳದಿ ಹೂಗೊಂಚಲಿನ ಟೊಂಗೆಗಳು ಇಣುಕುತ್ತಿದ್ದವು.

“ಇದೇನ ಒಯ್ಯಾಕತ್ತೀರಿ?” ಪಕ್ಕದಲ್ಲಿದ್ದ ಸಾವಂತ್ರವ್ವ ಕೇಳಿದಳು.

“ಮಗಳ ಮನಿ ಬೇಲಿಗೆ ಹಚ್ಚಾಕ್ರಿ. ಹ್ವಾದ ವರ್ಷನೂ ಕೊಟ್ಟಿದ್ದೆ. ಅವಳ ಆಡಿಗೆ ಯಾರದೋ ಕಣ್ಣ ಬಿದ್ದೈತಿ. ಮೂಗು, ಕಿವಿ ಎಲ್ಲಾ ಸುಲದಾವ. ಬೇಲಿ ದಟ್ಟ ಆದ್ರ ಮಂದಿಗೆ ಕಾಣೂದಿಲ್ಲ.”

“ಅಯ್ಯ ನಮ್ಮವ್ವ! ಇದು ಲಂಟಾನ, ವಿಷದ ಗಿಡರಿ! ಇದನ್ನ ತಿಂದ ನಮ್ಮ ಕರಾನೂ ಹಂಗ ಸುಲದು ಸತ್ತೈತಿ. ಇದನ್ನ ತಿಂದ್ರ ಮೈ ಬಿಸಲಿಗೆ ತಾಳೂದಿಲ್ಲಂತ ದನದ ಡಾಕ್ಟರ್ ಹೇಳ್ಯಾರ.”

ಆಶಾಬಿ ಗಂಟನ್ನು ಕಿಟಕಿಯಾಚೆ ಎಸೆಯಲು ಹೋದಳು. ಸಾವಂತ್ರವ್ವ ಕೈ ಹಿಡಿದಳು.

“ಒಗೀಬ್ಯಾಡ್ರಿ! ಬಿದ್ದಲ್ಲೇ ಚಿಗೀತೈತಿ. ಸುಡ್ರಿ. ಅಲ್ಲಿರೂದನ್ನೂ ಬೇರ ಸಮೇತ ಅಗದ ಸುಡ್ರಿ.”

ಆಶಾಬಿ ಮಗಳಿಗೆ ಫೋನ್ ಹಚ್ಚಿದಳು.

“ಜೀನತ, ಆಡು ಎಲ್ಲಿ ಅದಾವ?”

“ಚಿಂತಿ ಮಾಡಬ್ಯಾಡಮ್ಮಾ,” ಸ್ಪೀಕರಿನಲ್ಲಿ ಮಗಳ ದನಿ ನಿರಾಳವಾಗಿತ್ತು. “ಬಿಸಲಿಗೆ ತಾಳವಲ್ಲವು ಅಂತ ಬೇಲಿ ನೆಳ್ಳಾಗ ಕಟ್ಟೇನಿ.”

ಬಸ್ಸು ನಿಂತಿತು. ಆಶಾಬಿ ಗಂಟನ್ನು ಎದೆಗವಚಿಕೊಂಡೇ ಇಳಿದು ಓಡಿದಳು.