ಡ್ರೈವರ್ ಹಿಂದಿನ ಸೀಟು

ಬಸ್ಸಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಸಾಲಿನಲ್ಲಿದ್ದ ಒಬ್ಬ ದರ್ಜಿಯ ಮುಂದೆಯೇ ಒಬ್ಬ ಹೆಂಗಸು ತನ್ನ ಅಣ್ಣನ ಮಗಳನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಇತಿಹಾಸದಲ್ಲಿ ಎಂ.ಎ. ಮಾಡಿ ಸ್ಟೇರಿಂಗ್ ಹಿಡಿತೀಯಾ? ನೆಂಟರಿಗೆ ಏನಂತ ಹೇಳ್ಲಿ?”

“ಬಸ್ ಡ್ರೈವರ್ ಅಂತ ಹೇಳು, ಅತ್ತೆ.”

“ಆಫೀಸಲ್ಲಿದ್ದಾಳೆ ಅಂದ್ಬಿಟ್ಟಿದ್ದೀನಲ್ಲೇ!”

“ಹೌದು, ಆಫೀಸೇ. ಬೆಳಗ್ಗಿಂದ ಸಂಜೆವರೆಗೂ ಊರೆಲ್ಲ ಸುತ್ತುತ್ತೆ ಅನ್ನು.”

“ಓದಿದ್ದೆಲ್ಲ ಮಣ್ಣುಪಾಲು.”

“ಓದಿದ್ದು ಎಲ್ಲೂ ಹೋಗಲ್ಲ. ಈ ಕೆಲಸ ನಾನೇ ಇಷ್ಟಪಟ್ಟು ಹಿಡಿದದ್ದು. ಪಕ್ಕದಲ್ಲಿ ಕಲಿಸೋರಿಲ್ಲದೆ ಇವತ್ತೇ ಮೊದಲು ಓಡಿಸೋದು. ಬರ್ತೀಯೋ, ಇಲ್ಲೇ ಬೈತಾ ನಿಲ್ತೀಯೋ?”

ಹುಡುಗಿ ಡ್ರೈವರ್ ಬಾಗಿಲಿಂದ ಹತ್ತಿ ಸೀಟಿನಲ್ಲಿ ಕೂತಳು. ಪ್ರಯಾಣಿಕರ ಬಾಗಿಲು ತೆರೆಯಿತು.

“ಈ ಹುಡುಗಿ ಓಡಿಸ್ತಾಳಾ?” ದರ್ಜಿಯ ಬಾಯಿಂದ ಮಾತು ಜಾರಿತು.

ಹೆಂಗಸು ಗಕ್ಕನೆ ತಿರುಗಿದಳು.

“ನಮ್ಮಣ್ಣನ ಮಗಳು ಕಣ್ರೀ ಅವಳು, ಎಂ.ಎ.! ಹತ್ತೋದಾದ್ರೆ ಹತ್ತಿ. ಡ್ರೈವರ್ ಹಿಂದಿನ ಸೀಟು ಮಾತ್ರ ನಂದು.”